ಇಸ್ತ್ರಿ ಅಂಗಡಿಯ ಟೇಬಲ್ ಫ್ಯಾನು

ನನ್ನ ತಮ್ಮನನ್ನು ಬೀದಿಯವರೆಲ್ಲ ಗಾಳಿಯಣ್ಣ ಅಂತ ಕರೆಯುತ್ತಾರೆ. ಹಳೆಯ ಟೇಬಲ್ ಫ್ಯಾನು ರಿಪೇರಿ ಮಾಡುವುದು ಅವನ ಕಸುಬು. ಆದರೆ ರಿಪೇರಿಗಿಂತ ಫ್ಯಾನಿನ ವಯಸ್ಸು ಹೇಳುವುದರಲ್ಲೇ ಅವನಿಗೆ ಹೆಸರು. ನಾನು ಅವನ ಮನೆಯಲ್ಲೇ ಇರುವವಳು. ಮುಂದಿನ ಕೋಣೆಯೇ ಅಂಗಡಿ, ಕಿಟಕಿ ಪಕ್ಕದ ಸ್ಟೂಲು ನನ್ನದು. ರೆಕ್ಕೆ ಉಜ್ಜುವ ಕೆಲಸ ನನಗೆ, ಮೋಟಾರಿನ ತಂತಿ ಸುರುಳಿಗೆ ದಾರ ಕಟ್ಟುವ ಕೆಲಸ ಅವನ ಹೆಂಡತಿಗೆ. ಅವಳ ಬೆರಳು ಸಣ್ಣ, ನಾಲಿಗೆ ಉದ್ದ.

ಫ್ಯಾನು ಬಂದರೆ ಅವನು ಮೊದಲು ಮಾಡುವುದು, ಕಂಪನಿ ಹೆಸರಿರುವ ತಗಡಿನ ಮೇಲೆ ಒಂದು ಚಿಂದಿ ಬಟ್ಟೆ ಹೊದಿಸುವುದು. "ತಗಡನ್ನ ಯಾರು ಬೇಕಾದ್ರೂ ಬದಲಾಯಿಸ್ತಾರೆ, ಮೈಯನ್ನ ಬದಲಾಯಿಸೋದು ಕಷ್ಟ" ಅನ್ನುತ್ತಾನೆ. ಆಮೇಲೆ ನಿಧಾನವಾಗಿ ಬೆರಳಾಡಿಸುತ್ತಾನೆ. ಬುಡ ಎರಕದ ಕಬ್ಬಿಣದ್ದೋ ಒತ್ತಿದ ತಗಡಿನದೋ, ರೆಕ್ಕೆ ಹಿತ್ತಾಳೆಯೋ ಅಲ್ಯೂಮಿನಿಯಮ್ಮೋ, ಎಣ್ಣೆ ಬಿಡುವ ತೂತಿಗೆ ಮುಚ್ಚಳ ಇದೆಯೋ ಇಲ್ಲವೋ. ಮುಂದಿನ ಜಾಲರಿಯ ಕಂಬಿಗಳ ನಡುವೆ ಸಂದಿ ಅಗಲವಿದ್ದಷ್ಟೂ ಫ್ಯಾನು ಹಳೆಯದು. "ಆಗಿನವರಿಗೆ ಗಾಳಿ ಮುಖ್ಯ, ಬೆರಳಲ್ಲ" ಅನ್ನುವುದು ಅವನ ತಮಾಷೆ. ಕೊನೆಗೆ ಒಂದು ಇಸವಿ ಹೇಳಿ ಬಟ್ಟೆ ಸರಿಸುತ್ತಾನೆ. ಅಂಕಿ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅಪ್ಪನ ಮದುವೆಗೆ ಮುಂಚಿನದು, ಇವನು ಹುಟ್ಟಿದ ಮೇಲಿನದು, ಹೀಗೆ ನಾನು ನನ್ನ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತೇನೆ.

ಇಂಥ ಸಾಮಾನು ತರುವವರಿಗೆಲ್ಲ ಅದು ನೂರು ವರ್ಷದ್ದಾಗಿರಲಿ ಅಂತ ಆಸೆ. ಮೂಲೆಯ ಹೋಟೆಲಿನವನು ಒಮ್ಮೆ ಜಗಳಕ್ಕೇ ನಿಂತ.

"ನೂರು ಅಂತ ಹೇಳಿಬಿಡಿ ಗಾಳಿಯಣ್ಣ, ನಿಮ್ಮ ಗಂಟೇನು ಹೋಗತ್ತೆ?"

"ನಿಮಗೆ ಇಪ್ಪತ್ತೈದೇ ವಯಸ್ಸು ಅಂದ್ರೆ ಒಪ್ತೀರಾ?"

"ಓಹೋ, ಒಪ್ತೀನಿ!"

"ನೀವು ಒಪ್ತೀರಿ, ಕನ್ನಡಿ ಒಪ್ಪಲ್ಲ."

ಹೋಟೆಲಿನವನು ಬಹಳ ಕಾಲ ನಮ್ಮ ಕಡೆ ಮುಖ ಹಾಕಲಿಲ್ಲ. ತಮ್ಮನಿಗೆ ಅದರ ಗೊಡವೆಯೇ ಇಲ್ಲ.

ನಮ್ಮ ಎದುರು ಸಾಲಿನಲ್ಲಿ ಒಂದು ಇಸ್ತ್ರಿ ಅಂಗಡಿ. ಅದರ ಯಜಮಾನಿಯನ್ನು ಎಲ್ಲರೂ ಇಸ್ತ್ರಿಯಮ್ಮ ಅನ್ನುತ್ತಿದ್ದರು. ಅವಳ ಗಂಡ ಊರಾಚೆಯ ಫ್ಯಾನು ಕಾರ್ಖಾನೆಯಲ್ಲಿ ಇದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿಯ ಅಂಗಡಿಯಲ್ಲೇ ಕೂತ. ಅವಳು ತೀಡುವುದು, ಅವನು ಮಡಿಸಿ ದಾರ ಕಟ್ಟುವುದು. ಬಾಯಿ ಬಿಟ್ಟರೆ ಬಡಾಯಿ. ಪೈಲ್ವಾನನೊಬ್ಬನನ್ನು ಒಂದೇ ಪಟ್ಟಿಗೆ ಕೆಡವಿದ್ದನಂತೆ, ಕಾರ್ಖಾನೆಯಲ್ಲಿ ಅವನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲವಂತೆ. ಅವನು ಕಟ್ಟಿದ ಗಂಟು ಮಾತ್ರ ಯಾರ ಕೈಗೂ ಬಗ್ಗುತ್ತಿರಲಿಲ್ಲ. ಎಲ್ಲರ ಹಾಗೆ ಎಳೆದರೆ ಬಿಚ್ಚುವ ಬದಲು ಇನ್ನೂ ಬಿಗಿಯುತ್ತಿತ್ತು. "ಈ ಮನುಷ್ಯ ಅಂಗಿ ಕಟ್ತಾನೋ, ಕಳ್ಳನ್ನ ಕಟ್ತಾನೋ!" ಅಂತ ತಮ್ಮನ ಹೆಂಡತಿ ಬೈದುಕೊಳ್ಳುತ್ತಲೇ ಕತ್ತರಿ ಹುಡುಕುತ್ತಿದ್ದಳು.

ಅವನು ತೀರಿಕೊಂಡ ಮರುವರ್ಷ ಇಸ್ತ್ರಿಯಮ್ಮ ಒಂದು ಫ್ಯಾನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಳು. ಮೇಜಿನ ಮೇಲಿಟ್ಟು, ಕೂತುಕೊಳ್ಳದೆ ನಿಂತೇ ಹೇಳಿದಳು.

"ಗಾಳಿಯಣ್ಣ, ಅಂಗಡಿ ಬಿಡ್ತಾ ಇದೀನಿ. ಮಗಳ ಮನೆಗೆ ಹೋಗ್ತೀನಿ. ಅಲ್ಲಿರೋದೇ ಒಂದು ಕೋಣೆ. ಇದನ್ನ ತರಬೇಡಿ ಅಂತಾನೆ ಅಳಿಯ."

"ಯಾಕಂತೆ?"

"ಮದುವೆ ಆದ ವರ್ಷ ನಮ್ಮವರು ಇದನ್ನ ತಂದಿಟ್ಟು, ನಿನಗೋಸ್ಕರ ಕೈಯಾರೆ ಮಾಡಿದ್ದು ಅಂದಿದ್ರು. ಅಳಿಯನಿಗೆ ಕಾರ್ಖಾನೆಯ ಹಳೇ ಆಳೊಬ್ಬ ಸಿಕ್ಕಿದ್ನಂತೆ. ನಿಮ್ಮ ಮಾವ ಒಂದು ಫ್ಯಾನೂ ಮಾಡಿಲ್ಲ, ಮಾಡಿದ್ದನ್ನ ಪೆಟ್ಟಿಗೆಗೆ ತುಂಬ್ತಿದ್ದದ್ದು ಅಷ್ಟೇ ಅಂದನಂತೆ. ಮನೇಲಿ ಅದೇ ನಗು ಈಗ."

ತಮ್ಮ ಫ್ಯಾನನ್ನು ತನ್ನ ಕಡೆ ಎಳೆದುಕೊಂಡ.

"ಅವರು ಹೇಳಿದ್ದನ್ನೆಲ್ಲ ನಾನು ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟಿದೀನಿ. ಇದೊಂದನ್ನ ಮಾತ್ರ ನಂಬಿ ಇಟ್ಕೊಂಡಿದ್ದೆ. ನಿಜ ಆದ್ರೆ ನನ್ನ ತಲೆದಿಂಬಿನ ಮೇಲಾದ್ರೂ ಇಟ್ಕೊಂಡು ಮಲಗ್ತೀನಿ. ಸುಳ್ಳಾದ್ರೆ ಗುಜರಿಯವನಿಗೆ ಕೊಟ್ಟುಬಿಡಿ. ನೋಡಿ ಹೇಳಿ."

ತಮ್ಮ ತಗಡಿನ ಮೇಲೆ ಬಟ್ಟೆ ಹೊದಿಸಿದ. ಬುಡ ಎತ್ತಿ ನೋಡಿದ, ಎರಕದ್ದು. ರೆಕ್ಕೆ ಗೀಚಿದ, ಹಿತ್ತಾಳೆ. ಜಾಲರಿಯ ಸಂದಿಯಲ್ಲಿ ಅವನ ನಾಲ್ಕು ಬೆರಳೂ ತೂರಿದವು. ಬಟ್ಟೆ ಸರಿಸಿದರೆ ತಗಡಿನಲ್ಲಿ ಹೆಸರು ಅಳಿಸಿಹೋಗಿತ್ತು.

"ಅಮ್ಮಾ, ಇದು ತಯಾರಾದಾಗ ನಿಮ್ಮವರು ಇನ್ನೂ ಹುಟ್ಟೇ ಇರಲಿಲ್ಲ."

ಅವಳು "ಹೂಂ" ಅಂದಳು. ಬೆಡ್‌ಶೀಟನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದಳು. ಫ್ಯಾನು ಮೇಜಿನ ಮೇಲೇ ಉಳಿಯಿತು.

"ಸ್ವಲ್ಪ ಸುತ್ತಿ ಬಳಸಿ ಹೇಳೋಕಾಗ್ತಿರಲಿಲ್ವೇನ್ರೀ? ಮುಖಕ್ಕೆ ಹೊಡೆದ ಹಾಗೆ ಹೇಳಿದ್ರಲ್ಲ" ಅಂದಳು ತಮ್ಮನ ಹೆಂಡತಿ.

"ಕೇಳಿದ್ರು, ಹೇಳಿದೆ."

"ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ ನಿಮ್ಮ ತಮ್ಮನಿಗೆ."

ನಾನು ರೆಕ್ಕೆ ಉಜ್ಜುತ್ತಿದ್ದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಇಸ್ತ್ರಿಯಮ್ಮ ಕೂತುಕೊಳ್ಳದೇ ಹೋದದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಗುಜರಿ ಗಾಡಿ ಬರುವ ದಿನ ಬೆಳಿಗ್ಗೆ ತಮ್ಮ ಆ ಫ್ಯಾನಿನ ಹಿಂದಿನ ಮುಚ್ಚಳ ಬಿಚ್ಚಿದ. ತಾಮ್ರದ ತಂತಿ ಬೇರೆ, ಕಬ್ಬಿಣ ಬೇರೆ ಮಾಡಿ ಕೊಡುವುದು ವಾಡಿಕೆ. ಹೊರಮೈ ನೋಡಿಯೇ ವಯಸ್ಸು ಹೇಳುತ್ತೇನೆ ಅನ್ನುವ ಜಂಬ ಅವನಿಗೆ. ಹಾಗಾಗಿ ವಯಸ್ಸು ಕೇಳಲು ಬಂದ ಫ್ಯಾನನ್ನು ಅವನು ಎಂದೂ ಬಿಚ್ಚಿದವನಲ್ಲ. ಇದನ್ನೂ ಅಂದು ಬಿಚ್ಚಿರಲಿಲ್ಲ. ಈಗ ಒಳಗೆ ನೋಡಿ ಕೈ ನಿಲ್ಲಿಸಿದ.

ಅಷ್ಟು ಹಳೆಯ ಫ್ಯಾನಿನ ತಂತಿಗೆ ಹತ್ತಿ ನೂಲು ಸುತ್ತಿರಬೇಕು. ಇದರಲ್ಲಿ ಇದ್ದದ್ದು ಬರೀ ಮೆರುಗೆಣ್ಣೆ ಬಳಿದ ಕೆಂಪು ತಂತಿ. ಅದು ಬಹಳ ಆಮೇಲೆ ಬಂದದ್ದು.

"ಸುಟ್ಟುಹೋಗಿದ್ದನ್ನ ಯಾರೋ ಮತ್ತೆ ಸುತ್ತಿದ್ದಾರೆ" ಅಂದ. "ಇಸ್ತ್ರಿಯಮ್ಮನ ಮದುವೆ ಕಾಲದ ತಂತಿ ಇದು."

"ಯಾರು ಸುತ್ತಿದ್ರೇನು, ಕೊಡಿ ಇಲ್ಲಿ" ಅಂತ ಅವನ ಹೆಂಡತಿ ಸುರುಳಿಗೆ ಕಟ್ಟಿದ್ದ ದಾರವನ್ನು ಉಗುರಿನಿಂದ ಎಳೆದಳು. ಗಂಟು ಬಿಗಿಯಿತು. ಇನ್ನೊಂದನ್ನು ಎಳೆದಳು, ಅದೂ ಬಿಗಿಯಿತು. ಅಭ್ಯಾಸದಿಂದ ಕತ್ತರಿ ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು.

"ರೀ, ಈ ಗಂಟು ನನಗೆ ಗೊತ್ತು. ಇದು ಅಂಗಿ ಗಂಟು!"

ತಮ್ಮ ಭೂತಗನ್ನಡಿ ಹಿಡಿದು ನೋಡಿದ. ಸುರುಳಿಯ ಒಂದೊಂದು ಗಂಟೂ ಎಡಕ್ಕೆ ಮಲಗಿತ್ತು. "ಅಕ್ಕಾ, ಇಸ್ತ್ರಿಯಮ್ಮನ್ನ ಕರಿ" ಅಂದ. ಗುಜರಿಯವನು ಬಾಗಿಲಲ್ಲಿ ಬಂದು ಕೂಗಿದಾಗ ಇವತ್ತು ಏನಿಲ್ಲ ಹೋಗಪ್ಪ ಅಂತ ಕಳಿಸಿದ.

ಇಸ್ತ್ರಿಯಮ್ಮ ಕೈಯಲ್ಲಿ ಪೊರಕೆ ಹಿಡಿದೇ ಬಂದಳು. ಅಂಗಡಿ ಖಾಲಿ ಮಾಡುತ್ತಿದ್ದಳು.

"ಇನ್ನೂ ಕೊಟ್ಟಿಲ್ವಾ ಅದನ್ನ?"

"ನಿಮ್ಮವರು ಎಡಚರಾ?"

"ಹೂಂ. ಎಡಗೈಯವನು ತಂತಿ ಸುತ್ತಿದ್ರೆ ಕೆಟ್ಟೋಗತ್ತೆ ಅಂತ ಮೇಸ್ತ್ರಿ ಬೈತಿದ್ನಂತೆ. ಒಂದೇ ಸಲ ಹೇಳಿದ್ರು, ಆಮೇಲೆ ಆ ಮಾತೇ ಎತ್ತಲಿಲ್ಲ. ಯಾಕೆ?"

ತಮ್ಮ ಮೋಟಾರನ್ನು ಅವಳ ಕಡೆ ತಿರುಗಿಸಿದ. ಅವಳು ಬಗ್ಗಿದಳು. ಬೆರಳ ತುದಿಯಿಂದ ಒಂದು ಗಂಟನ್ನು ಮುಟ್ಟಿ, ನಾವೆಲ್ಲ ಎಳೆಯುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೆಲ್ಲಗೆ ತಳ್ಳಿದಳು. ಅದು ಸಡಿಲವಾಯಿತು. ತಕ್ಷಣ ಮತ್ತೆ ಬಿಗಿದಳು.

"ಮಾಡಿದ್ದು ಅವರಲ್ಲ" ಅಂದ ತಮ್ಮ. "ಬುಡ, ರೆಕ್ಕೆ, ಜಾಲರಿ ಎಲ್ಲ ಹಿಂದಿನ ಕಾಲದ್ದು. ಎಲ್ಲೋ ಸುಟ್ಟು ಬಿದ್ದಿದ್ದನ್ನ ತಂದಿದ್ದಾರೆ. ಆದ್ರೆ ಸುತ್ತಿದ್ದು ಅವರೇ. ಇಷ್ಟು ವರ್ಷ ತಿರುಗಿದೆ, ಕೆಟ್ಟಿಲ್ಲ. ಮೊದಲೇ ಬಿಚ್ಚಿ ನೋಡಬೇಕಾಗಿತ್ತು ನಾನು."

"ಹಾಗಾದ್ರೆ ಅರ್ಧ ಸುಳ್ಳು."

"ಅರ್ಧ."

ತಮ್ಮನ ಹೆಂಡತಿ ಗಂಡನ ಕಡೆ ಕಣ್ಣು ಬಿಟ್ಟಳು. ಇಸ್ತ್ರಿಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಅವತ್ತು ಕೂತುಕೊಳ್ಳದ ಕುರ್ಚಿಯಲ್ಲಿ ಕೂತಳು.

"ಅವರ ಲೆಕ್ಕಕ್ಕೆ ಅರ್ಧ ನಿಜ ಅಂದ್ರೆ ಬಹಳವೇ ಆಯ್ತು ಬಿಡಿ" ಅಂದಳು. "ಮುಚ್ಚಳ ಹಾಕಿ ಕೊಡಿ ಗಾಳಿಯಣ್ಣ, ತಗೊಂಡು ಹೋಗ್ತೀನಿ. ಅಳಿಯ ಮತ್ತೆ ನಕ್ರೆ ಅವನಿಗೂ ಒಂದು ಗಂಟು ಬಿಚ್ಚೋಕೆ ಹೇಳ್ತೀನಿ."