ಭಾವನಿಗೆ ಗಡ್‌ಬಡ್

ಮಡಂತ್ಯಾರಿನ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದೆ, ಎಂಜಿನ್ ಆರಿಸಲಿಲ್ಲ. ಆರಿಸಿದರೆ ಹಿಂದಿನ ಸೀಟಿನಲ್ಲಿರುವ, ಕಾರಿನ ಕರೆಂಟಿನಲ್ಲಿ ಓಡುವ ಕೂಲರ್ ಪೆಟ್ಟಿಗೆ ಕೂಡ ಆರುತ್ತದೆ. “ಮುಚ್ಚಳ ಮುಟ್ಟಬೇಡ” ಎಂದು ಹೇಳಿಯೇ ಗೆಳೆಯ ಅದನ್ನು ಕೊಟ್ಟಿದ್ದ. ಬಂಟ್ವಾಳದಿಂದ ಇಲ್ಲಿಗೆ ಬರುವಷ್ಟರಲ್ಲಿ, ಕರಗಿತೋ ಏನೋ ಎಂದು ಮೂರು ಸಲ ತೆರೆದು ಇದ್ದ ತಂಪನ್ನೂ ಹೊರಗೆ ಬಿಟ್ಟಿದ್ದೇನೆ.

ಅಂಗಡಿಯ ಹಮೀದ್ ಬ್ಯಾರಿ ಕಿಟಕಿಗೆ ಬಗ್ಗಿದರು. “ಎಂತ ಮಾರಾಯ್ರೆ, ಪೆಟ್ಟಿಗೆಯಲ್ಲಿ ಮೀನು ಉಂಟಾ?”

“ಗಡ್‌ಬಡ್ ಐಸ್‌ಕ್ರೀಮು. ಭಾವನಿಗೆ. ಇವತ್ತು ಹದಿಮೂರನೇ ದಿನ.”

ತೀರಿಹೋದವರನ್ನು ಆ ದಿನ ಒಳಗೆ ಕರೆದು, ಇಷ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚುವುದು ನಮ್ಮ ಕ್ರಮ. ಬೆಳ್ತಂಗಡಿಯಲ್ಲಿ ಅಕ್ಕ ಕಾಯುತ್ತಿದ್ದಾಳೆ.

“ಸಕ್ಕರೆ ಕಾಯಿಲೆ ಅಂತ ಅವರ ಕೈಯಿಂದ ಚಮಚ ಎಳೆದುಕೊಳ್ತಿದ್ದದ್ದು ನೀವೇ ಅಲ್ವಾ?”

“ನಾನೇ. ಹೋದದ್ದು ಹೃದಯ ನಿಂತು. ಸಕ್ಕರೆ ನಾರ್ಮಲ್ ಇತ್ತು.”

ನಾನು ಚಹಾ ಹೇಳಿದೆ. ಭಾವನ ಜೊತೆ ಇಲ್ಲಿ ಇಳಿದಾಗಲೆಲ್ಲ ಹೇಳುತ್ತಿದ್ದ ಹಾಗೆಯೇ ಹೇಳಿದೆ: “ಒಂದು ಸಕ್ಕರೆ ಹಾಕಿ, ಒಂದು ಹಾಕದೆ.” ಎರಡು ಗ್ಲಾಸು ಎದುರಿಗೆ ಬಂದಾಗಲೇ ಗೊತ್ತಾದದ್ದು. ತಂದ ಬ್ಯಾರಿ ನನ್ನ ಮುಖ ನೋಡದೆ ಒಳಗೆ ಹೋದರು.

ತಿರುಗಿ ನೋಡಿದೆ. ಕೂಲರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಸಕ್ಕರೆಯಿಲ್ಲದ ಗ್ಲಾಸನ್ನೇ ಮೊದಲು ಎತ್ತಿ ಕುಡಿದೆ. ಇಷ್ಟು ಕಹಿ ಎಂದು ಭಾವ ಒಂದು ದಿನವೂ ನನ್ನಲ್ಲಿ ಹೇಳಿರಲಿಲ್ಲ.