ಎರಡನೇ ದನಿಗೆ ಬಿಟ್ಟ ಜಾಗ

ಈ ಕಥೆಯನ್ನು ನಮ್ಮ ಓಣಿಯವರು ಇಂದಿಗೂ ನಗುತ್ತಲೇ ಹೇಳುತ್ತಾರೆ. ರೋಣದ ಕ್ಯಾಸೆಟ್ ಅಂಗಡಿ ಚಾಚಾ ಕಾನೂನಿಗೇ ಚಳ್ಳೆಹಣ್ಣು ತಿನ್ನಿಸಿದರಂತೆ, ಎದುರುಮನೆ ಅತ್ತಿಯ ಕೆಲಸವೂ ಆಯಿತಂತೆ. ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರು ಯಾರೂ ಅಂದು ಅಂಗಡಿಯಲ್ಲಿ ತುಂಬಿದ ಆ ಕ್ಯಾಸೆಟ್ ಕೇಳಿಲ್ಲ. ಮೊನ್ನೆ ಅತ್ತಿಯ ಟ್ರಂಕು ಖಾಲಿ ಮಾಡುವಾಗ ಆಕೆಯ ಮಗಳು ಅದನ್ನು ನನ್ನ ಕೈಗಿಟ್ಟಳು. ಇನ್ನೂ ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು…

ಅತ್ತಿ ಸೋಬಾನೆ ಹಾಡುವಾಕೆ. ಅಬ್ಬಿಗೇರಿಯಲ್ಲಿ ಮದುವೆಯಾಗಲಿ, ಶಿರೋಳದಲ್ಲಾಗಲಿ, ಆಕೆಗೂ ಆಕೆಯ ನೆಗೆಣ್ಣಿಗೂ, ಅಂದರೆ ಮೈದುನನ ಹೆಂಡತಿಗೂ, ಒಟ್ಟಿಗೇ ಕರೆ ಬರುತ್ತಿತ್ತು. ಒಂದು ಸಾಲು ಈಕೆ, ಮರುಸಾಲು ಅವಳು. ಯಾವುದೋ ಕಂಪನಿಯವರು ಬಂದು ಇಬ್ಬರ ಹಾಡನ್ನೂ ಕ್ಯಾಸೆಟ್ ಮಾಡಿದ್ದರು, ಮಾರಾಟವಾಗದೆ ಕೈಬಿಟ್ಟಿದ್ದರು. ಆಮೇಲೆ ನೆಗೆಣ್ಣಿ ತೀರಿಕೊಂಡಳು. ಅವಳ ದನಿ ಉಳಿದದ್ದು ಅತ್ತಿ ಕೊಂಡಿಟ್ಟಿದ್ದ ಆ ಒಂದೇ ಕ್ಯಾಸೆಟ್ಟಿನಲ್ಲಿ. ಅದರ ಟೇಪೋ ಹರಿದು, ಉಗುರುಬಣ್ಣ ಹಚ್ಚಿ ಅಂಟಿಸಿದ್ದು, ಹಾಕಿದಾಗಲೆಲ್ಲ ಕಿರುಗುಟ್ಟುತ್ತಿತ್ತು. ಅದು ಪೂರ್ತಿ ಹೋಗುವುದರೊಳಗೆ ಒಂದು ನಕಲು ಮಾಡಿಸಬೇಕು ಎಂದು ಪಿಯುಸಿ ಓದುತ್ತಿದ್ದ ನನ್ನನ್ನು ಕರೆದುಕೊಂಡು ಅತ್ತಿ ಅಂಗಡಿಗೆ ಹೋದಳು.

ಹೋದ ಹೊತ್ತು ಸರಿ ಇರಲಿಲ್ಲ. ಆಗಷ್ಟೇ ನರಗುಂದದ ಅಂಗಡಿಯೊಂದರ ಮೇಲೆ ನಕಲು ಕ್ಯಾಸೆಟ್ಟಿಗಾಗಿ ಪೊಲೀಸರು ದಾಳಿ ಮಾಡಿ, ಕ್ಯಾಸೆಟ್ ತುಂಬುವ ಮಷೀನನ್ನೇ ಎತ್ತಿಕೊಂಡು ಹೋಗಿದ್ದರು. ಚಾಚಾ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ ಗಲ್ಲೆಯ ಮೇಲಿಟ್ಟರು.

“ಹಾಡಿದಾಕಿ ನಾ, ಕೊಂಡಾಕಿ ನಾ. ಮತ್ತ್ಯಾರನ್ನ ಕೇಳಬೇಕ್ರಿ ಭಾಯಿ?” ಎಂದಳು ಅತ್ತಿ.

“ದನಿ ನಿಮ್ಮದು, ಖರೇ ಅಕ್ಕಾರ. ತುಂಬಿದ್ದು ಕಂಪನಿದು. ನಕಲು ಮಾಡಬಾರದಂತ ಇಲ್ಲೇ ಬರದಾರ ನೋಡ್ರಿ.”

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನಾನು ಸುಮ್ಮನಿರಲಿಲ್ಲ. ನಕಲು ಮಾಡಿ ಮಾರಿದರೆ ಕಳವು, ಸರಿ. ಕೊಂಡವರು ಮನೆಯಲ್ಲಿ ಕೇಳಲು ಇನ್ನೊಂದು ತುಂಬಿಸಿಕೊಂಡರೆ ಯಾರ ಗಂಟು ಹೋಯಿತು? ಕಂಪನಿಯೇ ಮಾರುವುದನ್ನು ಬಿಟ್ಟ ಮೇಲೆ ನಷ್ಟ ಯಾರಿಗೆ?

ಚಾಚಾ ನಕ್ಕರು. “ನೀ ಸೋತ್ರ ಚಪ್ಪಾಳಿ ಕಮ್ಮಿ ಬೀಳತಾವ ಬೇಟಿ. ನಾ ಸೋತ್ರ ಮಷೀನ ಒಯ್ತಾರ.”

 ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅವರೇ ಒಂದು ದಾರಿ ಹುಡುಕಿದರು. ಖಾಲಿ ಕ್ಯಾಸೆಟ್ ಹಾಕಿ, ಫ್ಯಾನು ಆರಿಸಿ, “ಈಗ ಹಾಡ್ರಿ ಅಕ್ಕಾರ, ಹೊಸಾದು ತುಂಬತೀನಿ. ಇದಕ್ಕ ಯಾವ ಕಂಪನಿನೂ ಕೇಳಾಂಗಿಲ್ಲ” ಎಂದರು. ಅತ್ತಿ ಹಳೆಯ ಕ್ಯಾಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತಳು. ಒಂದು ಸಾಲು ಹಾಡಿದಳು. ನಿಲ್ಲಿಸಿದಳು. ತಲೆ ಮಾತ್ರ ತೂಗುತ್ತಿತ್ತು. ಮರುಸಾಲಿಗೆ ಹಿಡಿಯುವಷ್ಟು ಹೊತ್ತು ಬಿಟ್ಟು ಮುಂದಿನ ಸಾಲು ಎತ್ತಿಕೊಂಡಳು. ಚಾಚಾರ ಬೆರಳು ನಿಲ್ಲಿಸುವ ಬಟನ್ನಿನವರೆಗೆ ಹೋಗಿ ಹಿಂದೆ ಬಂತು. ಹಾಡು ಮುಗಿಯುವ ತನಕ ಹಾಗೆಯೇ…

“ನಡುವಿನ ಸಾಲೂ ನೀನ ಹಾಡಬಾರದೇನ ಅತ್ತಿ?”

“ಅದು ಆಕಿದವಾ. ನಾ ಹ್ಯಾಂಗ ಹಾಡ್ಲಿ?”

ಮುಂದೊಂದು ದಿನ ಹಳೆಯ ಟೇಪು ಮಷೀನಿಗೆ ಸುತ್ತಿಕೊಂಡು ಚೂರುಚೂರಾಯಿತು. ಈಗ ಅತ್ತಿಯೂ ಇಲ್ಲ. ಮೊನ್ನೆ ಯಾರದೋ ಟೇಪ್‌ರೆಕಾರ್ಡರ್ ಬೇಡಿ ತಂದು ಈ ಕ್ಯಾಸೆಟ್ ಕೇಳಿದೆ. ಅತ್ತಿಯ ಒಂದು ಸಾಲು. ಆಮೇಲೆ ಬಸ್ಸಿನ ಹಾರ್ನು. ಇನ್ನೊಂದು ಸಾಲು, ಆಮೇಲೆ “ಗಜೇಂದ್ರಗಡ, ಗಜೇಂದ್ರಗಡ” ಎಂದು ಕೂಗುವ ಕಂಡಕ್ಟರ್. ನೆಗೆಣ್ಣಿಯ ದನಿ ಎಲ್ಲಿಯೂ ಇಲ್ಲ. ಅದಕ್ಕೆಂದೇ ಹೋದದ್ದಲ್ಲವೇ ನಾವು?

ಮನೆಯಲ್ಲಿ ಕೂರಲಾಗಲಿಲ್ಲ, ಕ್ಯಾಸೆಟ್ ಹಿಡಿದು ಅಂಗಡಿಗೆ ಹೋದೆ. ಚಾಚಾ ಈಗ ಮೊಬೈಲಿನ ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಾರೆ. ಯಾವ ಹಾಡು, ಯಾವ ಕಂಪನಿದು ಎಂದು ಯಾರೂ ಕೇಳುವುದಿಲ್ಲ. ಕ್ಯಾಸೆಟ್ಟಿನ ಗುರುತು ಹಿಡಿದು, ಅಂಗಿಯ ತುದಿಯಿಂದ ಅದನ್ನು ಒರೆಸತೊಡಗಿದರು. ನಾನು ಕೇಳಿಯೇಬಿಟ್ಟೆ:

“ಚಾಚಾ, ಅವತ್ತ ಬಾಗಲಾ ಹಾಕ್ಕೊಂಡು ಆ ಹಳೇದನ್ನ ಒಂದ ಸಲ ತುಂಬಿ ಕೊಟ್ಟಿದ್ರ, ಯಾರಿಗೆ ಗೊತ್ತಾಗತಿತ್ರಿ?”