ಸೋಪಿನ ಪ್ರಶ್ನೆ

ಸೋಪಮ್ಮನ ಎಡಗಿವಿ ಸತ್ತು ಬಹಳ ಕಾಲವಾಗಿತ್ತು. ಅದನ್ನು ಕೊಂದವನು ಅವಳ ಗಂಡ, ಲಾರಿ ಓಡಿಸುತ್ತಿದ್ದವನು. ಊಟ ಆರಿಹೋಗಿದೆ ಎಂಬ ಒಂದೇ ನೆಪಕ್ಕೆ ಅಂಗೈ ಬೀಸಿ ಬಾರಿಸಿದ್ದ. ಕಿವಿಯೊಳಗೆ ಏನೋ ಪಟ್ಟೆಂದು ಒಡೆಯಿತು, ರಕ್ತ ಕತ್ತಿನವರೆಗೂ ಇಳಿಯಿತು, ಆವತ್ತಿನಿಂದ ಆ ಕಡೆಯ ಲೋಕ ಅವಳಿಗೆ ಬಾಗಿಲು ಹಾಕಿಕೊಂಡಿತು. ಅವಳು ಮಾತ್ರ ಮನೆಯ ಬಾಗಿಲು ತೆಗೆದು ಹೊರಗೆ ಬಂದಳು. ಉಟ್ಟ ಬಟ್ಟೆಯಲ್ಲಿ ಬಂದವಳನ್ನು ಆಸ್ಪತ್ರೆಯ ಲಾಂಡ್ರಿಯವರು ಕೆಲಸಕ್ಕೆ ಇಟ್ಟುಕೊಂಡರು. ರಕ್ತದ ಕಲೆ ತಣ್ಣೀರಿಗೆ ಮಾತ್ರ ಬಗ್ಗುತ್ತದೆ, ಬಿಸಿನೀರು ತಾಗಿತೋ ನೂಲಿನೊಳಗೇ ಬೀಡುಬಿಡುತ್ತದೆ ಎಂಬುದನ್ನು ಅವಳು ಕಲಿತದ್ದು ಅಲ್ಲಿ.

ಆಗಿನ್ನೂ ಅವಳಿಗೆ ಸೋಪಮ್ಮ ಎಂಬ ಹೆಸರಿರಲಿಲ್ಲ. ಆ ಹೆಸರು ಬಂದದ್ದು ಆಮೇಲೆ, ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದ ಮೇಲೆ.

ಸಮಾಜಕಾರ್ಯ ಕಲಿಸುವ ಕಾಲೇಜಿನ ಮೇಡಂ ಒಬ್ಬರು ಮನೆಯೊಳಗಿನ ಹೊಡೆತದ ಬಗ್ಗೆ ಸಂಶೋಧನೆ ಹಿಡಿದಿದ್ದರು. ಹೊಡೆತ ತಿಂದ ಹೆಂಗಸು ಯಾರಿಗೆ ಹೇಳುತ್ತಾಳೆ, ಎಲ್ಲಿಗೆ ಹೋಗುತ್ತಾಳೆ, ಯಾಕೆ ವಾಪಸು ಬರುತ್ತಾಳೆ ಎಂದು ತಿಳಿಯಬೇಕಿತ್ತು. ಹೊರಗಿನವರಿಗೆ ಅದು ‘ಮನೆಯ ಆರೋಗ್ಯದ ಸಮೀಕ್ಷೆ’. ಓಣಿಯ ಹೆಂಗಸರ ಜೊತೆ ಕೂತು ಮಾತಾಡಬಲ್ಲವರು ಬೇಕು ಎಂದಾಗ ಲಾಂಡ್ರಿಯ ಮೇಲ್ವಿಚಾರಕಿ ಇವಳ ಕಡೆ ಬೆರಳು ತೋರಿಸಿದಳು.

ಮೇಡಂ ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವರು. ಮಾತು ಮೆತ್ತಗೆ, ಆದರೆ ಹೇಳಿದ್ದನ್ನು ಸಡಿಲ ಬಿಡುವ ಪೈಕಿಯಲ್ಲ. ಹೆಂಗಸು ಒಂಟಿಯಾಗಿದ್ದಾಗ ಮಾತ್ರ ಕೇಳಬೇಕು. ಅವಳು ಹೇಳಿದ್ದು ಅವಳ ಸೊತ್ತು, ಅವಳ ಒಪ್ಪಿಗೆ ಇಲ್ಲದೆ ಒಂದಕ್ಷರ ಹೊರಗೆ ಬೀಳಬಾರದು. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ ಕೇಳಬೇಕು. ಒಬ್ಬಳನ್ನು ‘ಹೊಡೀತಾರಾ’ ಎಂದು, ಇನ್ನೊಬ್ಬಳನ್ನು ‘ಜಗಳ ಆಗುತ್ತಾ’ ಎಂದು ಕೇಳಿದರೆ ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಾಗದು. ನಡುವೆ ಯಾರಾದರೂ ಒಳಗೆ ಬಂದರೆ ಕೂಡಲೇ ಮಾತು ತಿರುಗಿಸಬೇಕು. ಯಾವುದಕ್ಕೆ ಎಂಬುದು ನಿಮ್ಮಿಷ್ಟ, ನಿಮ್ಮ ಬಾಯಿಗೆ ಸಲೀಸಾಗಿ ಬರುವಂಥದ್ದಿರಲಿ ಎಂದಿದ್ದರು.

ಲಾಂಡ್ರಿಯಲ್ಲಿ ಬೆಂದವಳ ಬಾಯಿಗೆ ಸಲೀಸಾಗಿ ಬಂದದ್ದು ಸೋಪು. “ಬಟ್ಟೆಗೆ ಯಾವ ಸೋಪು ಹಾಕ್ತೀರಿ? ನಿಮ್ಮನೆ ನಲ್ಲಿ ನೀರಿಗೆ ನೊರೆ ಬರುತ್ತಾ?” ಗಂಡ ಬಂದರೂ ಇದೇ, ಅತ್ತೆ ಬಂದರೂ ಇದೇ. ‘ಅದೇ ಮಾತಿನಲ್ಲಿ’ ಎಂಬುದನ್ನು ಅವಳು ಸೊಂಟಕ್ಕೆ ಗಂಟು ಹಾಕಿಕೊಂಡಂತೆ ಹಿಡಿದಿದ್ದಳು. ಅಸಲಿ ಪ್ರಶ್ನೆಗೆ ಹೇಳಿದ ಮಾತನ್ನು ನಕಲಿ ಪ್ರಶ್ನೆಗೂ ಹಚ್ಚಿಬಿಟ್ಟಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಟೈಲರಮ್ಮನ ಮನೆ ಓಣಿಯ ತುದಿಯಲ್ಲಿತ್ತು. ಒಂದೇ ಕೋಣೆ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಹಿಂದೆ ಇಕ್ಕಟ್ಟಾದ ಅಡುಗೆಮನೆ. ಅವಳ ಜೊತೆಗೇ ವಾಸವಿದ್ದ ಮದುವೆಯಾಗದ ತಂಗಿ ಆಗ ಹೊರಗೆ ಹೋಗಿದ್ದಳು. ಗಂಡ ವೆಲ್ಡರ್, ಕಬ್ಬಿಣದ ಗೇಟು ಮಾಡುವವನು. ಸೋಪಮ್ಮ ಅಭ್ಯಾಸದಂತೆ ಬಲಗಿವಿಯನ್ನು ಅವಳ ಕಡೆಗೆ ಮಾಡಿ ಕೂತಳು. ಟೈಲರಮ್ಮ ಯಂತ್ರ ತುಳಿಯುತ್ತಲೇ ಹೇಳಿದಳು. ಕೂದಲು ಹಿಡಿದು ಗೋಡೆಗೆ ಜಜ್ಜಿದ್ದು, ಕಾದ ಇಸ್ತ್ರಿಪೆಟ್ಟಿಗೆಯನ್ನು ತೊಡೆಗೆ ಒತ್ತಿದ್ದು, ಹೊಟ್ಟೆಯಲ್ಲಿದ್ದ ಕೂಸು ಒದೆ ತಿಂದು ಇಳಿದುಹೋದದ್ದು. ಗಿರಾಕಿಯ ಅಳತೆ ಒಪ್ಪಿಸುವ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು. ಇದ್ದಕ್ಕಿದ್ದಂತೆ ಪೆಡಲಿನ ಮೇಲಿನ ಕಾಲು ನಿಂತಿತು. ಬಾಗಿಲು ಎಡಗಿವಿಯ ಕಡೆಗಿದ್ದದ್ದರಿಂದ ಸೋಪಮ್ಮನಿಗೆ ಕಿವಿಯಲ್ಲ, ಆ ಕಾಲೇ ಸುದ್ದಿ ಕೊಟ್ಟಿತು.

“ಬಟ್ಟೆಗೆ ಯಾವ ಸೋಪು ಹಾಕ್ತೀರಿ? ನಿಮ್ಮನೆ ನಲ್ಲಿ ನೀರಿಗೆ ನೊರೆ ಬರುತ್ತಾ?”

“ನೊರೆ ಬರುತ್ತೆ,” ಎಂದಳು ಟೈಲರಮ್ಮ. “ಕೈ ಸುಡುತ್ತೆ.”

ಬಾಗಿಲಲ್ಲಿ ನಿಂತಿದ್ದ ವೆಲ್ಡರ್ ನಕ್ಕ. ಸರ್ಕಾರಕ್ಕೆ ಈಗ ಸೋಪಿನ ಚಿಂತೆಯೂ ಹತ್ತಿತೋ ಎಂದು ತಮಾಷೆ ಮಾಡಿದ.

ಆ ತಮಾಷೆ ಸಲೂನಿಗೆ ಹೋಯಿತು. ಕನ್ನಡಿಯ ಮುಂದೆ ಕೂತ ಗಂಡಸರಿಗೆ ಬಾಯಿಗೆ ಮೆಲ್ಲಲು ಏನಾದರೂ ಬೇಕಲ್ಲ. ತಮ್ಮ ಮನೆಯಲ್ಲೂ ಸೋಪೇ ಕೇಳಿದಳೆಂದ ಬಸ್ ಡ್ರೈವರು. ಸಲೂನಿನವನು ತನ್ನ ಅತ್ತಿಗೆಯನ್ನೂ ಅದನ್ನೇ ಕೇಳಿದಳಂತೆ ಎಂದ. ಸೋಪಮ್ಮ ಎಂದು ಹೆಸರಿಟ್ಟು ಹೊಟ್ಟೆ ಹಿಡಿದು ನಕ್ಕರು. ನಗುವಿನ ನಡುವೆ ಡ್ರೈವರು ತನಗೇ ಗೊತ್ತಿಲ್ಲದೆ ಕಡ್ಡಿ ಗೀರಿದ. “ಅಲ್ಲ ಕಣ್ರೋ, ಅಷ್ಟು ಹೊತ್ತು ಕೂತಿರ್ತಾಳೆ. ನಾವು ಒಳಗೆ ಕಾಲಿಟ್ಟಾಗಲೇ ಸೋಪು ಯಾಕೆ ಶುರುವಾಗುತ್ತೆ?”

ಎಲ್ಲರೂ ಮತ್ತೊಮ್ಮೆ ನಕ್ಕರು. ವೆಲ್ಡರ್ ನಗಲಿಲ್ಲ. ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಮನೆಗೆ ಹೋದ.

ಆ ಮನೆಯಲ್ಲಿ ನಡೆದದ್ದನ್ನು ಸೋಪಮ್ಮನಿಗೆ ಓಡಿಬಂದು ಹೇಳಿದವಳು ತಂಗಿ. ಭಾವ ತನ್ನನ್ನು ಅಡುಗೆಮನೆಗೆ ತಳ್ಳಿ ಚಿಲಕ ಹಾಕಿದ. ಅಕ್ಕನ ಬಲಗೈಯನ್ನು ಹೊರಬಾಗಿಲ ಸಂದಿನಲ್ಲಿಟ್ಟು, ಆ ಹೆಂಗಸಿಗೆ ಏನು ಹೇಳಿದೆ ಎಂದು ಕೇಳಿದ. ಸೋಪು ಅಂದಳು ಅಕ್ಕ. ಬಾಗಿಲಿಗೆ ಒದ್ದ. ಮತ್ತೆ ಕೇಳಿದ. ಮತ್ತೆ ಸೋಪು ಅಂದಳು, ಮತ್ತೆ ಒದ್ದ. ಮೂಳೆ ಮುರಿಯುವ ಸದ್ದು ಅಡುಗೆಮನೆಗೂ ಕೇಳಿಸಿತು, ಒಣ ಸೌದೆ ಮುರಿದ ಹಾಗೆ. ಪ್ರಜ್ಞೆ ತಪ್ಪುವ ತನಕ ಅಕ್ಕನ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಆಮೇಲೆ ಚಿಲಕ ತೆಗೆದು ಇಬ್ಬರನ್ನೂ ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋದ, ಬಚ್ಚಲಲ್ಲಿ ಜಾರಿ ಬಿದ್ದಳೆಂದು ಬರೆಸಿದ್ದಾನೆ.

ಸೋಪಮ್ಮನಿಗೆ ಅರ್ಥವಾಯಿತು. ತಾನು ಮರೆ ಎಂದು ಹಿಡಿದದ್ದೇ ಟೈಲರಮ್ಮನ ಕೈ ಮುರಿದಿತ್ತು.

ಆಸ್ಪತ್ರೆಯ ಮೂಲೆಮೂಲೆಯೂ ಅವಳಿಗೆ ಗೊತ್ತಿತ್ತು. ವೆಲ್ಡರ್ ಹಾಸಿಗೆಯ ಪಕ್ಕದಿಂದ ಅಲ್ಲಾಡದೆ ಕೂತಿದ್ದ. ಆದರೆ ಎಕ್ಸ್‌ರೇ ಕೋಣೆಗೆ ಮನೆಯವರನ್ನು ಬಿಡುವುದಿಲ್ಲ. ಹಳೆಯ ಪರಿಚಯದ ದಾದಿಯನ್ನು ಹಿಡಿದು ಸೋಪಮ್ಮ ಹಿಂದಿನ ಬಾಗಿಲಿನಿಂದ ಒಳಗೆ ಸೇರಿದಳು. ಟೈಲರಮ್ಮನ ಬೆರಳುಗಳು ಕಪ್ಪಾಗಿ ಬಾತುಕೊಂಡಿದ್ದವು, ಒಂದು ಉಗುರು ಇರಲೇ ಇಲ್ಲ.

“ತಪ್ಪು ನನ್ನದೇ ತಾಯಿ,” ಎಂದಳು ಸೋಪಮ್ಮ. “ನೀವು ಹೂಂ ಅನ್ನಿ ಸಾಕು. ಪೊಲೀಸರಿಗೆ ನಾನು ಹೇಳ್ತೀನಿ. ಇರೋಕೆ ಜಾಗ ಮೇಡಂ ನೋಡ್ತಾರೆ.”

“ಬೇಡಕ್ಕ. ಬಾಯಿ ಬಿಟ್ರೆ ತಂಗಿ ಮುಖ ಸುಟ್ಟು ಕರಕಲು ಮಾಡ್ತೀನಿ ಅಂದಿದ್ದಾನೆ. ಮಾಡ್ತಾನೆ ಅವನು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರಿ, ಉಳಿಸ್ಕೊಳ್ಳಿ. ಕೈ ಮುರಿದ್ರೂ ನನ್ನ ಮಾತು ನಾನು ಉಳಿಸ್ಕೊಂಡಿಲ್ವಾ?”

ಸೋಪಮ್ಮ ನೇರ ಮೇಡಂ ಬಳಿಗೆ ಹೋಗಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ನಿಮ್ಮ ನಿಯಮವನ್ನು ಉಪ್ಪು ಹಾಕಿ ನೆಕ್ಕೋಣವೇ, ಅವಳು ಸಾಯಲಿ ಎನ್ನುತ್ತೀರಾ ಎಂದು ಹರಿಹಾಯ್ದಳು. ಮೇಡಂ ದನಿ ಏರಲಿಲ್ಲ.

“ನಾವು ಹೇಳಿದ ಕೂಡಲೇ ಅವನನ್ನ ಒಳಗೆ ಹಾಕ್ತಾರಾ? ಹಾಕದೆ ಮನೆಗೆ ಕಳಿಸಿದ್ರೆ, ಆಮೇಲೆ ಆ ಕೋಣೇಲಿ ಇರೋದು ನೀವಾ, ನಾನಾ? ಅವನನ್ನ ದಿನಾ ನೋಡಿದವಳು ಅವಳು. ಅವಳ ಲೆಕ್ಕಾಚಾರಕ್ಕಿಂತ ನಮ್ಮದು ದೊಡ್ಡದು ಅಂತ ನಾನು ಹೇಳಲಾರೆ.”

ಆ ಮಾತು ಸರಿಯೆಂದು ಸೋಪಮ್ಮನಿಗೂ ಗೊತ್ತಿತ್ತು. ಅದೇ ಅವಳನ್ನು ಇನ್ನಷ್ಟು ಉರಿಸಿತು. ಹೊರಗೆ ಬಂದು ದಾರಿಯುದ್ದಕ್ಕೂ ಯೋಚಿಸಿದಳು. ಸೋಪೆಂಬುದು ಸುಳ್ಳು ಎಂದು ಗೊತ್ತಾಗಿದ್ದರಿಂದ ತಾನೇ ಈ ಗತಿ? ಹಾಗಾದರೆ ಸೋಪನ್ನು ನಿಜ ಮಾಡಿಬಿಟ್ಟರೆ? ಗಂಡಸರಿರಲಿ ಹೆಂಗಸರಿರಲಿ, ಸಿಕ್ಕಸಿಕ್ಕವರನ್ನೆಲ್ಲ ಸೋಪೇ ಕೇಳುತ್ತ ಹೋದರೆ, ಈ ಹೆಂಗಸಿಗೆ ಸೋಪಿನ ಹುಚ್ಚು, ಅಷ್ಟೇ ಎಂದುಕೊಳ್ಳುತ್ತಾರೆ. ಟೈಲರಮ್ಮ ಹೇಳಿದ್ದು ನಿಜವಾಗುತ್ತದೆ.

ಮರುದಿನ ಬೆಳಿಗ್ಗೆ ಓಣಿಯ ಆ ತುದಿಯಿಂದ ಶುರು ಮಾಡಿದಳು. ಚಹಾದಂಗಡಿಯವನನ್ನು ಕೇಳಿದಳು, ಬೀದಿ ಗುಡಿಸುವವನನ್ನು ಕೇಳಿದಳು. ಕೊನೆಗೆ ಸಲೂನಿನ ಮೆಟ್ಟಿಲು ಹತ್ತಿದಳು.

“ಏನಣ್ಣ, ಗಡ್ಡಕ್ಕೆ ಯಾವ ಸೋಪು ಹಾಕ್ತೀರಿ? ನೊರೆ ಬರುತ್ತಾ?”

ಸಲೂನಿನವನು ಹಲ್ಲುಕಿರಿದು, ಬಂದು ಮುಟ್ಟಿ ನೋಡಿ ಎಂದ. ಬೆಂಚಿನ ಮೇಲಿದ್ದ ಬಸ್ ಡ್ರೈವರು, ಈಯಮ್ಮನಿಗೆ ಒಂದು ಸೋಪಿನ ಕಾರ್ಖಾನೆಯನ್ನೇ ಬರೆದುಕೊಡಬೇಕು ಎಂದ. ನಗು ಎದ್ದಿತು. ಆಗ ಕುರ್ಚಿ ತಿರುಗಿತು. ಅದರಲ್ಲಿದ್ದವನು ವೆಲ್ಡರ್. ಮುಖದ ತುಂಬ ನೊರೆ, ನಡುವೆ ಕೆಂಪು ಕಣ್ಣು. ಅವನು ಇಷ್ಟು ಬೇಗ ಆಸ್ಪತ್ರೆಯಿಂದ ಬಂದಿರುತ್ತಾನೆಂದು ಅವಳು ನೆನೆಸಿರಲಿಲ್ಲ.

ಅವನು ಎದ್ದ. ಸಲೂನಿನವನು ಕತ್ತಿಯನ್ನು ಸರಕ್ಕನೆ ಮಡಚಿ ಜೇಬಿಗೆ ಹಾಕಿಕೊಂಡ.

“ನನ್ನ ಹೆಂಡ್ತಿ ಏನು ಹೇಳಿದ್ಲು ನಿನಗೆ?”

ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು. ಓಣಿಗೆ ಒಂದೇ ಹೆಜ್ಜೆ. ಸೋಪಮ್ಮ ಆ ಹೆಜ್ಜೆ ಇಡಲಿಲ್ಲ. ಗಂಡಸರ ಮುಖಗಳನ್ನು ಒಂದು ಸುತ್ತು ನೋಡಿದಳು. ಎಲ್ಲರ ಕಣ್ಣೂ ತೆರೆದಿದ್ದವು, ಹಗಲು ಬೆಳಕಿತ್ತು. ತಲೆಯನ್ನು ತುಸು ಓರೆ ಮಾಡಿ, ಕಳೆದುಕೊಳ್ಳಲು ಏನೂ ಉಳಿದಿರದ ಎಡಗೆನ್ನೆಯನ್ನು ಅವನ ಕಡೆಗೆ ತಂದಳು.

“ನೊರೆ ಬರುತ್ತೆ, ಕೈ ಸುಡುತ್ತೆ ಅಂದ್ರು.”

ಮೊದಲ ಏಟಿಗೆ ಅವಳು ಬೆಂಚಿನ ಮೇಲೆ ಬಿದ್ದಳು. ಅವನು ರಟ್ಟೆ ಹಿಡಿದೆತ್ತಿ ಮತ್ತೆ ಕೇಳಿದ. ಸೋಪು ಅಂದಳು. ಕನ್ನಡಿಗೆ ಅಪ್ಪಳಿಸಿದ. ಗಾಜು ಅವಳ ಹೆಗಲ ಮೇಲೆಲ್ಲ ಸುರಿಯಿತು, ಕತ್ತಿನ ಬುಡದಲ್ಲಿ ಮೂಳೆ ಲಟಕ್ಕೆಂದಿತು. ನೆಲದ ಮೇಲೆ ಬಿದ್ದವಳ ಪಕ್ಕೆಗೆ ಒದ್ದ, ಒದೆಯುತ್ತ ಕೇಳಿದ. ಬಾಯಲ್ಲಿ ರಕ್ತವಿದ್ದರೂ ಅವಳು ಅದನ್ನೇ ಅಂದಳು. ಅಷ್ಟು ಹೊತ್ತು ಕಲ್ಲಾಗಿದ್ದ ಡ್ರೈವರಿಗೆ ಆಗ ಜೀವ ಬಂತು. ಹಿಂದಿನಿಂದ ವೆಲ್ಡರ್‌ನ ಕಾಲು ಸೆಳೆದು ಕೆಡವಿ, ತನ್ನ ಭಾರವಾದ ದೇಹವನ್ನು ಅವನ ಬೆನ್ನ ಮೇಲೆ ಊರಿ ಕೂತ. ಪೊಲೀಸರು ಬರುವವರೆಗೂ ಏಳಲಿಲ್ಲ. ಅವನ ಕೆಳಗೆ ವೆಲ್ಡರ್‌ನ ಮುಖದ ನೊರೆ ನೆಲದ ರಕ್ತದಲ್ಲಿ ಕಲಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ತಣ್ಣೀರು ಹಾಕಿ, ಬಿಸಿನೀರು ಬೇಡ ಎಂದು ಸೋಪಮ್ಮ ಸಲೂನಿನವನಿಗೆ ಹೇಳಿದಳಂತೆ. ಅವಳಿಗೆ ಅದು ನೆನಪಿಲ್ಲ.

ಆಸ್ಪತ್ರೆಗೆ ಬಂದ ಇನ್ಸ್‌ಪೆಕ್ಟರ್, ಯಾಕೆ ಹೊಡೆದ ಎಂದು ಕೇಳಿದ.

“ಸೋಪು ಕೇಳಿದ್ದಕ್ಕೆ.”

ಹೆಂಡತಿಗೂ ಹೊಡೆಯುತ್ತಾನಂತೆ ಹೌದಾ ಎಂದ.

“ನನ್ನ ಮೂಳೆ ವಿಷಯ ಎಷ್ಟು ಬೇಕಾದ್ರೂ ಕೇಳಿ ಸಾಹೇಬ್ರೇ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಇನ್ನೊಬ್ಬರ ಮನೆ ವಿಷಯ ಇನ್ನೊಬ್ಬರನ್ನೇ ಕೇಳಿ.”

ಅವಳ ಮೂಳೆಯೊಂದೇ ಸಾಕಾಯಿತು. ಸಲೂನು ತುಂಬ ಸಾಕ್ಷಿಗಳಿದ್ದರು, ಯಾರೂ ಹಿಂಜರಿಯಲಿಲ್ಲ. ವೆಲ್ಡರ್ ಒಳಗೆ ಹೋದ. ಅವನು ಒಳಗಿದ್ದಾನೆ ಎಂಬುದನ್ನು ತಂಗಿಯನ್ನು ಕಳಿಸಿ ಖಾತ್ರಿ ಮಾಡಿಕೊಂಡ ಮೇಲೆ ಟೈಲರಮ್ಮ ತಾನೇ ಠಾಣೆಗೆ ನಡೆದುಹೋದಳು. ಬಲಗೈಯಲ್ಲಿ ಪಟ್ಟಿಯಿದ್ದದ್ದರಿಂದ ಎಡಗೈಯಲ್ಲಿ ಸೊಟ್ಟಸೊಟ್ಟ ಸಹಿ ಹಾಕಿದಳು.

ಮೇಡಂ ಬಂದು ಸೋಪಮ್ಮನ ಹಾಸಿಗೆಯ ಅಂಚಿನಲ್ಲಿ ಕೂತರು. ಬೇಕೆಂದೇ ಕೆನ್ನೆ ಕೊಟ್ಟಿರಾ ಎಂದು ಕೇಳಿದರು. ಸೋಪಮ್ಮ ಚಾವಣಿ ನೋಡಿದಳು. ಮೇಡಂ ಬಂದ ವಿಷಯ ಹೇಳಿದರು. ಆ ಓಣಿಯ ಉತ್ತರಗಳನ್ನೆಲ್ಲ ಸಂಶೋಧನೆಯಿಂದ ತೆಗೆಯಬೇಕಾಗುತ್ತದೆ. ಮರೆ ಕಳಚಿದ ಮೇಲೆ ಅಲ್ಲಿ ಯಾರು ಯಾವ ಹೆದರಿಕೆಯಲ್ಲಿ ಏನು ಹೇಳಿದರೋ ಗೊತ್ತಾಗದು. ಕೇಳುವವಳೇ ಕಥೆಯೊಳಗೆ ಸೇರಿಹೋದ ಮೇಲೆ ಅವಳು ಈ ಕೆಲಸದಲ್ಲಿ ಇರುವ ಹಾಗೂ ಇಲ್ಲ. ಇನ್ನು ಮುಂದೆ ಕೇಳಲು ಹೋಗುವವರೆಲ್ಲ ಮಾತು ತಿರುಗಿಸುವುದನ್ನು ಮನೆಗೊಂದು ಬಗೆಯಲ್ಲಿ ಮಾಡುತ್ತಾರೆ. ಇದನ್ನು ಮೊದಲೇ ಹೇಳದೆ ಇದ್ದದ್ದು ತಮ್ಮ ತಪ್ಪು ಎಂದು ಮೇಡಂ ಅಂದರು. ನಮ್ಮಿಬ್ಬರದೂ ಅಂದಳು ಸೋಪಮ್ಮ.

ಅವಳು ಲಾಂಡ್ರಿಗೆ ವಾಪಸಾದಳು. ಹೆಗಲು ಮೊದಲಿನಂತೆ ಏಳುತ್ತಿರಲಿಲ್ಲವಾದ್ದರಿಂದ ಹಿಂಡುವ ಕೆಲಸ ಬಿಟ್ಟು ಮಡಚುವ ಕೆಲಸಕ್ಕೆ ಹಾಕಿದರು.

ಒಂದು ಮಧ್ಯಾಹ್ನ ಟೈಲರಮ್ಮ ಅವಳ ಮನೆಗೆ ಬಂದಳು. ಮಡಚಲು ಬಾರದ ಎರಡು ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಉಳಿದ ಬೆರಳುಗಳಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದೇನೆ, ಗುಂಡಿಗೆ ಕಾಜ ಹಾಕುವುದನ್ನು ತಂಗಿಗೆ ಬಿಟ್ಟಿದ್ದೇನೆ ಎಂದಳು. ಅವನು ಒಂದಲ್ಲ ಒಂದು ದಿನ ಹೊರಗೆ ಬರುತ್ತಾನೆ, ಅಷ್ಟರಲ್ಲಿ ಬೇರೆ ಕಡೆ ಮನೆ ನೋಡಬೇಕು ಎಂದೂ ಹೇಳಿದಳು. ಆಮೇಲೆ ಬಂದ ಕಾರಣ ತೆಗೆದಳು.

“ನಾನು ಹೇಳಿದ್ದು ಲೆಕ್ಕಕ್ಕಿಲ್ಲ ಅಂದ್ರಂತೆ ನಿಮ್ಮ ಮೇಡಂ. ಇಷ್ಟೆಲ್ಲ ತಿಂದು ಹೇಳಿದ್ದು ನೀರಲ್ಲಿ ಹೋಯ್ತಾ? ಇನ್ನೊಂದು ಸಲ ಕೇಳಿ. ಮೊದಲಿಂದ.”

“ಆ ಕೆಲಸದಿಂದ ನನ್ನನ್ನ ತೆಗೆದಿದ್ದಾರೆ ತಾಯಿ. ನೀವು ಹೇಳಿದ್ರೂ ಎಲ್ಲೂ ಸೇರಲ್ಲ.”

“ಸೇರದಿದ್ರೆ ಬೇಡ. ಕೇಳಿ.”

ಸೋಪಮ್ಮ ಎದ್ದು, ಬಾಗಿಲು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು, ಬಲಗಿವಿಯನ್ನು ಅವಳ ಕಡೆಗೆ ಮಾಡಿ ಕೂತಳು. ಮೊದಲ ಪ್ರಶ್ನೆ ಕೇಳಿದಳು, ಹಿಂದೆ ಕೇಳಿದ ಅದೇ ಮಾತಿನಲ್ಲಿ. ಟೈಲರಮ್ಮ ಹೇಳತೊಡಗಿದಳು. ಈ ಸಲ ಅವಳ ದನಿ ಒಂದೇ ಸಮನೆ ಇರಲಿಲ್ಲ. ಕೂಸಿನ ವಿಷಯಕ್ಕೆ ಬಂದಾಗ ನಿಂತಿತು, ಒಡೆಯಿತು, ಮತ್ತೆ ಹೊರಟಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕನನ್ನು ಹುಡುಕಿಕೊಂಡು ತಂಗಿ ಬಂದಿದ್ದಳು, ಬೆನ್ನಿಗೇ ಪಕ್ಕದ ಮನೆಯ ಗಂಡಸು ಯಾವುದೋ ಬೀಗದ ಕೈ ಕೇಳಲು ಬಂದು ನಿಂತಿದ್ದ.

“ಬಟ್ಟೆಗೆ ಯಾವ ಸೋಪು…” ಎಂದಳು ಸೋಪಮ್ಮ, ನಾಲಿಗೆ ತಾನಾಗಿಯೇ ಹೊರಳಿ.

“ಸೋಪು ಬೇಡ ಬಿಡಿ ಅಕ್ಕ,” ಎಂದಳು ಟೈಲರಮ್ಮ. “ಇರಲಿ ಅವರೂ. ಮುಂದಿನದು ಕೇಳಿ.”